ತಣ್ಣೀರಿನ ಪರೀಕ್ಷೆ

ಬಾಯಲ್ಲಿ ಮೊಳೆ ಇಟ್ಟುಕೊಂಡ ಗಂಡಸಿನ ಜೊತೆ ಜಗಳ ಆಡುವಷ್ಟು ಸುಖ ಇನ್ನೊಂದಿಲ್ಲ ಎಂದು ಮೊಳೆಯಣ್ಣನ ಹೆಂಡತಿ ಮದುವೆಯಾದ ತಿಂಗಳೊಪ್ಪತ್ತಿನಲ್ಲೇ ಕಂಡುಕೊಂಡಿದ್ದಳು. ಹಳೇ ಸೋಫಾ, ಕುರ್ಚಿಗಳನ್ನು ಬಿಚ್ಚಿ ಹೊಸ ಬಟ್ಟೆ ಹೊದಿಸುವ ಕೆಲಸ ಅವನದು. ಒಂದು ಸಲಕ್ಕೆ ಐದು ಸಣ್ಣ ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಂದೊಂದನ್ನೂ ನಾಲಿಗೆಯಲ್ಲೇ ತಿರುಗಿಸಿ, ತಲೆ ಹೊರಗಾಗುವ ಹಾಗೆ ತುಟಿಗೆ ತಂದು, ಆಯಸ್ಕಾಂತದ ಸುತ್ತಿಗೆಯನ್ನು ಅಲ್ಲಿಗೆ ಮುಟ್ಟಿಸಿದರೆ ಮೊಳೆ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಎರಡೇ ಏಟು, ಬಟ್ಟೆ ಕಟ್ಟಿಗೆಗೆ ಕಚ್ಚಿಕೊಳ್ಳುತ್ತಿತ್ತು. ಬಾಯಲ್ಲಿ ಮೊಳೆ ಇದ್ದಾಗ ಮಾತಾಡಬಾರದು ಎಂಬುದು ಅವನ ಅಪ್ಪನ ಕಾಲದ ಕಟ್ಟಳೆ. ಹಾಗಾಗಿ ಗ್ಯಾಸ್ ತೀರಿದ್ದು, ಅತ್ತೆ ಮುನಿಸಿಕೊಂಡಿದ್ದು, ಗಿರಾಕಿಗೆ ಅವನು ಸುಳ್ಳು ತಾರೀಖು ಹೇಳಿದ್ದು, ಎಲ್ಲವನ್ನೂ ಅವಳು ಐದು ಮೊಳೆಯ ಅವಧಿಯಲ್ಲಿ ಹೇಳಿ ಮುಗಿಸುತ್ತಿದ್ದಳು. ಅವನು ಕಣ್ಣು ಕೆಕ್ಕರಿಸುತ್ತಿದ್ದ, ಸುತ್ತಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಹೊಡೆಯುತ್ತಿದ್ದ, ಅಷ್ಟೇ.

ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಿಷನ್ನು, ಹಿಂದೆ ಅಡುಗೆಮನೆ. ಪಿನ್ನು ಹೊಡೆಯುವ ಗನ್ ತಗೊಳ್ಳಿ ಎಂದು ಮಗಳು ಎಷ್ಟು ಹೇಳಿದರೂ ಅವನು ಕೇಳಿರಲಿಲ್ಲ. "ಗನ್ನಿನ ಪಿನ್ನು ಎರಡು ವರ್ಷ, ನನ್ನ ಮೊಳೆ ಇಪ್ಪತ್ತು ವರ್ಷ" ಎನ್ನುವುದು ಅವನ ಒಂದೇ ಉತ್ತರ. ಕೈ ಎರಡಿದ್ದರೂ ಅವನ ಅನ್ನ ಇದ್ದದ್ದು ಬಾಯಲ್ಲಿ.

ಆ ಬಾಯಿಗೆ ಒಂದು ಬೆಳಿಗ್ಗೆ ಗ್ರಹಚಾರ ಬಂತು. ಚಹಾದಲ್ಲಿ ಅದ್ದದೆ ಒಣ ಬ್ರೆಡ್ಡಿನ ಅಂಚು ಕಚ್ಚಿದವನಿಗೆ ಎಡಗಡೆ ಕೆಳಗಿನ ದವಡೆ ಹಲ್ಲಲ್ಲಿ ಕಟ್ ಎಂದ ಹಾಗಾಯಿತು. ಕಲ್ಲೇನೋ ಎಂದುಕೊಂಡ. ಕಲ್ಲಲ್ಲ, ಅವನದೇ ಹಲ್ಲಿನ ಮೂಲೆ. ಯಾರಿಗೂ ಕಾಣದ ಹಾಗೆ ಅದನ್ನು ಬೆರಳ ತುದಿಯಲ್ಲಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಚಹಾ ಹಲ್ಲಿನ ಕುಳಿಗೆ ತಾಗಿದ್ದೇ ತಡ, ನೋವು ಕಿವಿಯವರೆಗೂ ಹೋಯಿತು. ಅವನು ಲೋಟ ಕೆಳಗಿಟ್ಟು, ಸಕ್ಕರೆ ಜಾಸ್ತಿ ಎಂದು ಹೆಂಡತಿಯನ್ನು ಬೈದ.

ಹಲ್ಲೆಂದರೆ ಅವನಿಗೆ ಹೆದರಿಕೆ. ಸಣ್ಣಪುಟ್ಟದ್ದಲ್ಲ, ಕೈಕಾಲು ತಣ್ಣಗಾಗುವ ಹೆದರಿಕೆ. ಹನ್ನೆರಡು ವರ್ಷದವನಿದ್ದಾಗ ಅವನಪ್ಪ ಸಂತೆಬೀದಿಯಲ್ಲಿ ಹಲ್ಲು ಕೀಳುವವನ ಮುಂದೆ ಕೂತಿದ್ದ, ಪಕ್ಕದಲ್ಲಿ ಬೋಗುಣಿ ಹಿಡಿದು ನಿಂತವನು ಇವನೇ. ಬೋಗುಣಿಗೆ ಬಿದ್ದ ರಕ್ತ, ಕೀವು ಎರಡನ್ನೂ ನೋಡಿದ್ದ. ನಾಲ್ಕನೇ ದಿನ ಅಪ್ಪ ಸತ್ತ. ಐದನೇ ದಿನ ಇವನು ಹೋಗಿ ಆ ಹಲ್ಲು ಕೀಳುವವನ ಗಾಜಿನ ಪೆಟ್ಟಿಗೆಗೆ ಕಲ್ಲು ಹೊಡೆದು ಬಂದಿದ್ದ. ಮರುದಿನವೂ ಹೊಡೆದ. ವಾರದಲ್ಲಿ ಆ ಮನುಷ್ಯ ಅಂಗಡಿ ಎತ್ತಿಕೊಂಡು ಎಲ್ಲಿಗೋ ಹೋದ. ಅಲ್ಲಿಂದೀಚೆಗೆ ನಲವತ್ತು ವರ್ಷ ಮೊಳೆಯಣ್ಣ ಯಾರಿಗೂ ಬಾಯಿ ತೆರೆದು ತೋರಿಸಿರಲಿಲ್ಲ.

ಮೊದಲು ಪತ್ತೆ ಹಚ್ಚಿದ್ದು ತಾಯಿ. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಎಂಬತ್ತರ ಮುದುಕಿಗೆ ಊಟದ ಹೊತ್ತಿನಲ್ಲಿ ಬೇರೆಯವರ ಹಲ್ಲು ನೋಡುವುದೇ ಹವ್ಯಾಸ. ಮೂರನೇ ದಿನ ಮಧ್ಯಾಹ್ನ ಕೇಳಿಯೇಬಿಟ್ಟಳು.

"ಲೋ, ಮೂರು ದಿನದಿಂದ ಬಲಗಡೆನೇ ಅಗೀತಿದ್ದೀಯಲ್ಲ. ಎಡಗಡೆ ಏನು ಬಾಡಿಗೆಗೆ ಕೊಟ್ಟಿದ್ದೀಯಾ?"

"ಏನಿಲ್ಲಮ್ಮ, ಅಭ್ಯಾಸ."

"ನಿನ್ನ ಅಭ್ಯಾಸ ಹೆತ್ತವಳಿಗೆ ಗೊತ್ತಿಲ್ವಾ? ಬಾಯಿ ತೆಗಿ."

"ಊಟ ಮಾಡೋಕೆ ಬಿಡ್ತೀಯೋ ಇಲ್ವೋ?"

ಮಗಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರನ್ನು ಕೂರಿಸಿ ಹೀಗೆ ಕಾಣುತ್ತಾ, ಹಾಗೆ ಕಾಣುತ್ತಾ ಎಂದು ಕೇಳಿ ಅಭ್ಯಾಸವಾದವಳು. ಅವಳು ಎದ್ದುಬಂದು ಫೋನಿನ ಬೆಳಕು ಹಾಕಿ, ಅಪ್ಪನ ಗಲ್ಲ ಹಿಡಿದೇಬಿಟ್ಟಳು. "ಅಯ್ಯೋ ಅಪ್ಪಾ, ಇದರೊಳಗೆ ಒಂದು ಕಡಲೆ ಬೀಜ ಹೋಗಿ ಕೂರುತ್ತೆ!"

"ಕಿತ್ತು ಬಿಸಾಕಿದ್ರೆ ಆಯ್ತು" ಎಂದಳು ತಾಯಿ. "ನನ್ನ ನೋಡು, ಹಲ್ಲಿಲ್ಲ, ಹಲ್ಲುನೋವೂ ಇಲ್ಲ."

"ಅತ್ತೆ, ಅವರು ಹಲ್ಲಿಂದ ದುಡಿಯೋರು. ನಾಳೆನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ" ಎಂದಳು ಹೆಂಡತಿ.

"ನಾನು ಬರಲ್ಲ."

"ನಿಮ್ಮ ಮುಂದೆ ಐದು ಮೊಳೆ ಇಡ್ತೀನಿ. ಬಾಯಿಗೆ ಹಾಕ್ಕೊಳ್ಳಿ. ಆಮೇಲೆ ಮಾತಾಡೋಣ."

ತಣ್ಣೀರನ್ನೂ ಆರಿಸಿಕೊಂಡು ಕುಡಿಯುವ ಜಾತಿ ಅವನದು. ಹೊರಡುವ ಮುಂಚೆ ಎರಡು ಸಲ ಬಚ್ಚಲಿಗೆ ಹೋಗಿ ಬಂದ. ಡಾಕ್ಟರ ಕೋಣೆಯ ಹೊರಗೆ ಕೂತಾಗ ಬೆಂಚಿನ ರೆಕ್ಸಿನ್ ಒತ್ತಿ ನೋಡಿ, "ಒಳಗೆ ಬರೀ ಚೂರು ಸ್ಪಂಜು ತುಂಬಿದಾರೆ, ಕಳ್ಳರು" ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ. ಅವನ ಅಂಗೈ ಬೆವರು ರೆಕ್ಸಿನ್ ಮೇಲೆ ಅಚ್ಚೊತ್ತಿತ್ತು.

ಡಾಕ್ಟರು ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ತಣ್ಣಗಿನ ಹತ್ತಿಯನ್ನು ಹಲ್ಲಿಗೆ ಒತ್ತಿದಳು. ಅವನು ಕುರ್ಚಿಯ ಕೈ ಹಿಡಿದು ಮೇಲಕ್ಕೆದ್ದ. ಸಣ್ಣ ಕನ್ನಡಿಯ ಹಿಡಿಯ ತುದಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿದಳು. ಅಷ್ಟೇನೂ ನೋಯಲಿಲ್ಲ. ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದಳು.

"ನೋಡಿ, ಈ ಕಪ್ಪು ಜಾಗ ಹುಳುಕು. ಈ ಗೆರೆ ಹಲ್ಲಿನ ನರ. ಹುಳುಕು ನರದ ಹತ್ರ ಬಂದಿದೆ. ಒಳಗೆ ಕೆಟ್ಟಿದೆಯೋ ಇಲ್ವೋ ಅಂತ ಇವತ್ತೇ ಹೇಳೋಕಾಗಲ್ಲ."

"ಹಾಗಾದ್ರೆ?" ಎಂದಳು ಹೆಂಡತಿ.

"ಹುಳುಕು ತೆಗೆದು, ಔಷಧಿ ಇಟ್ಟು, ತಾತ್ಕಾಲಿಕವಾಗಿ ಮುಚ್ತೀನಿ. ಮೂರು ವಾರ ನೋಡೋಣ. ತಣ್ಣಗಿದ್ದು ತಾಗಿದಾಗ ಜುಂ ಅಂದು, ನಾಲ್ಕೈದು ಸೆಕೆಂಡಲ್ಲಿ ಹೋದ್ರೆ ನರ ಸುಧಾರಿಸ್ತಿದೆ ಅಂತ. ಫಿಲ್ಲಿಂಗ್ ಸಾಕು. ಅರ್ಧ ನಿಮಿಷ ನೋವು ಹಾಗೇ ನಿಂತ್ರೆ, ಸುಮ್ನೆ ಕೂತಾಗ್ಲೂ ಮಿಡಿದ್ರೆ, ಕಚ್ಚಿದಾಗ ನೋಯ್ತಿದ್ರೆ, ರೂಟ್ ಕೆನಾಲ್. ಎಷ್ಟು ಹೊತ್ತು ನೋವಿರುತ್ತೆ ಅಂತ ನೀವೇ ಮನೇಲಿ ಗಮನಿಸಿ ಹೇಳ್ಬೇಕು."

"ರೂಟ್ ಕೆನಾಲ್ ಅಂದ್ರೆ... ನರ ತೆಗೀತೀರಾ?" ಮೊಳೆಯಣ್ಣ ಮೊದಲ ಬಾರಿಗೆ ಬಾಯಿಬಿಟ್ಟ.

"ಹೌದು, ಕೆಟ್ಟ ನರ ತೆಗೆದು ಒಳಗೆ ತುಂಬ್ತೀವಿ."

ಇನ್ನೊಂದು ಪ್ರಶ್ನೆ ಅವನ ನಾಲಿಗೆಯ ತುದಿಯಲ್ಲಿತ್ತು. ಮಗಳ ವಯಸ್ಸಿನ ಹುಡುಗಿಯ ಮುಂದೆ ಹೆದರುಪುಕ್ಕಲನಾಗುವುದು ಬೇಡ ಎಂದು ನುಂಗಿಕೊಂಡ. ಆ ಒಂದು ಪ್ರಶ್ನೆ ಕೇಳಿದ್ದರೆ ಮುಂದಿನ ಮೂರು ವಾರದ ರಾಮಾಯಣವೇ ಇರುತ್ತಿರಲಿಲ್ಲ.

ಇಂಜೆಕ್ಷನ್ ಕೊಟ್ಟರು, ಕೊರೆದರು, ಮುಚ್ಚಿದರು. ನೋವಾಗಲಿಲ್ಲ. ಹೊರಡುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: "ಮೂರು ಗಂಟೆ ತುಟಿ, ನಾಲಿಗೆ ಮರಗಟ್ಟಿರುತ್ತೆ. ಅಲ್ಲೀವರೆಗೂ ಏನೂ ತಿನ್ಬೇಡಿ."

ತಿನ್ನಬೇಡಿ ಎಂದಿದ್ದರು, ಮೊಳೆ ಹಾಕಿಕೊಳ್ಳಬೇಡಿ ಎಂದಿರಲಿಲ್ಲ. ಸೋಫಾ ಹೊಲಿಯುವವರಿಗೆ ಹೀಗೊಂದು ಎಚ್ಚರಿಕೆ ಕೊಡಬೇಕೆಂದು ಯಾವ ಡಾಕ್ಟರಿಗೆ ತಾನೇ ಹೊಳೆದೀತು? ಸಂಜೆಗೆ ಒಂದು ದಿವಾನ್ ಮಂಚ ಕೊಡಬೇಕಾಗಿತ್ತು. ಮೊಳೆಯಣ್ಣ ಮನೆಗೆ ಬಂದವನೇ ಅಂಗಿ ಬದಲಾಯಿಸಿ, ಯೋಚಿಸುವ ಮುಂಚೆಯೇ ಐದು ಮೊಳೆ ಬಾಯಿಗೆ ಹಾಕಿಕೊಂಡ.

ಒಂದು ಬಂತು. ಎರಡು ಬಂತು. ಮೂರನೆಯದಕ್ಕೆ ಸುತ್ತಿಗೆ ತುಟಿಗೆ ಬಡಿಯಿತು, ಅವನಿಗೆ ತಿಳಿಯಲಿಲ್ಲ. ನಾಲ್ಕನೆಯದು ಹೇಗೋ ಬಂತು. ಐದನೆಯದು ಬರಲಿಲ್ಲ. ಕೈ ಹಾಕಿ ಬಾಯೆಲ್ಲ ತಡಕಿದ. ಬೆರಳಿಗೆ ಬಾಯಿ ಸಿಕ್ಕಿತು, ಬಾಯಿಗೆ ಬೆರಳು ಸಿಗಲಿಲ್ಲ.

"ಲೇ! ಬಾರೇ ಇಲ್ಲಿ! ಮೊಳೆ ನುಂಗ್ಬಿಟ್ಟೆ!"

ಅದು ಕೇಳಿಸಿದ್ದು "ಮೊವೆ ಉಂಗ್ಬಿತ್ತೆ" ಎಂದು. ಹೆಂಡತಿ ಮಿಷನ್ನು ಬಿಟ್ಟು ಓಡಿಬಂದಳು. ತಾಯಿ ಬಾಳೆಹಣ್ಣು ಹಿಡಿದು ಬಂದಳು. ಹೆಂಡತಿ ಆಯಸ್ಕಾಂತದ ಸುತ್ತಿಗೆ ತೆಗೆದುಕೊಂಡು ನೆಲದ ಮೇಲೆ ಮಂಡಿಯೂರಿ ಗುಡಿಸಿದಂತೆ ಎಳೆದಳು. ಹಳೇ ಮೊಳೆ, ತುಕ್ಕು ಹಿಡಿದ ಪಿನ್ನು, ಎರಡು ವರ್ಷದ ಹಿಂದೆ ಕಳೆದ ಸೂಜಿ, ಎಲ್ಲ ಸಿಕ್ಕಿತು. ಹೊಸ ಮೊಳೆ ಸಿಗಲಿಲ್ಲ.

"ಆಸ್ಪತ್ರೆಗೆ ನಡೀರಿ, ಹೊಟ್ಟೆದು ಫೋಟೋ ತೆಗೆಸೋಣ" ಎಂದಳು ಹೆಂಡತಿ.

"ಹೊಟ್ಟೆ ಚುಚ್ತಾ ಇದೆಯೇನೋ ಮಗಾ?" ಎಂದು ತಾಯಿ ಅವನ ಅಂಗಿ ಎತ್ತಿ ಹೊಟ್ಟೆ ಮುಟ್ಟಿದಳು.

ಅವನು ಬೆಳ್ಳಗಾಗಿ ಗೋಡೆಗೆ ಒರಗಿದ್ದ. ಚುಚ್ಚುತ್ತಿದೆ ಎಂದೇ ಅವನಿಗನ್ನಿಸಿತು. ಹೆಂಡತಿ ಅವನ ಮುಖ ನೋಡಿದಳು. ಕೆಳತುಟಿಯ ಮೂಲೆಯಿಂದ ರಕ್ತದ ಸಣ್ಣ ಗೆರೆ ಗಲ್ಲಕ್ಕೆ ಇಳಿಯುತ್ತಿತ್ತು. ತುಟಿ ಹಿಡಿದು ಹೊರಗೆ ಮಗುಚಿದಳು. ಮೊಳೆ ಅಲ್ಲಿತ್ತು, ತುಟಿ ಮತ್ತು ವಸಡಿನ ಮಧ್ಯೆ, ಮೊನೆ ತುಟಿಗೆ ನಾಟಿಕೊಂಡು. ಮೂವರೂ ಮನೆ ಜಾಲಾಡುತ್ತಿದ್ದಾಗ ಅದು ಅವನ ಬಾಯಲ್ಲೇ ಇತ್ತು.

ಮೊದಲು ನಕ್ಕವಳು ಹೆಂಡತಿ. ತಾಯಿಯೂ ನಕ್ಕಳು, ತಂದಿದ್ದ ಬಾಳೆಹಣ್ಣನ್ನು ತಾನೇ ಸುಲಿದು ತಿಂದಳು. ಸಂಜೆ ಮಗಳು ಬಂದಾಗ ಮತ್ತೊಮ್ಮೆ ಕಥೆಯಾಯಿತು, ಮತ್ತೊಮ್ಮೆ ನಗು. ಮೊಳೆಯಣ್ಣ ಮಾತ್ರ ನಗಲಿಲ್ಲ. ತನ್ನ ಬಾಯಲ್ಲಿದ್ದ ಮೊಳೆ ತನಗೇ ತಿಳಿಯಲಿಲ್ಲ. ಒಂದು ಇಂಜೆಕ್ಷನ್ನಿಗೇ ಹೀಗಾದರೆ, ನರವನ್ನೇ ಕಿತ್ತು ತೆಗೆದ ಮೇಲೆ ಗತಿ ಏನು? ಈ ಮರಗಟ್ಟಿದ ತುಟಿ ಸಾಯುವವರೆಗೂ ಹೀಗೇ ಇರುತ್ತದೆ, ಮೊಳೆ ಹಿಡಿಯುವ ಬಾಯಿ ಅವತ್ತಿಗೇ ಮುಗಿಯಿತು. ಹೀಗೆಂದು ಅವನು ಯಾರನ್ನೂ ಕೇಳದೆ ತಾನೇ ತೀರ್ಮಾನ ಮಾಡಿಕೊಂಡ. ಏನೇ ಆಗಲಿ, ರೂಟ್ ಕೆನಾಲ್ ಮಾತ್ರ ಕೂಡದು.

ಮರುದಿನದಿಂದ ಮಗಳ ಪರೀಕ್ಷೆ ಶುರುವಾಯಿತು. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಫ್ರಿಜ್ಜಿನ ನೀರು ಒಂದು ಗುಟುಕು ಎಡಗಡೆ ಇಟ್ಟುಕೊಳ್ಳಬೇಕು, ಉಗುಳಬೇಕು, ನೋವು ಹೋದ ಕೂಡಲೇ ಬೆರಳೆತ್ತಬೇಕು. ಅವಳು ಫೋನಿನಲ್ಲಿ ಸೆಕೆಂಡು ಎಣಿಸುತ್ತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಹೆಂಡತಿ ಬರೆಯುತ್ತಿದ್ದಳು.

"ಶುರು... ನೋವು ಹೋಯ್ತಾ?"

ಬೆರಳೆತ್ತಿದ.

"ಆರು ಸೆಕೆಂಡ್! ಅಮ್ಮಾ, ಆರು."

ಆರು ಸೆಕೆಂಡಿಗೆ ನೋವು ಇನ್ನೂ ಏರುತ್ತಲೇ ಇತ್ತು. ಅವನು ಬೆರಳೆತ್ತಿ, ಮುಖ ಗಂಟು ಹಾಕದೆ, ಎದ್ದು ಮುಂದಿನ ಕೋಣೆಗೆ ಹೋಗಿ ಸೋಫಾದ ಹಿಂದೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ದವಡೆ ಒತ್ತಿಕೊಳ್ಳುತ್ತಿದ್ದ. ಕ್ಯಾಲೆಂಡರಿನಲ್ಲಿ ಆರು, ಐದು, ಐದು, ನಾಲ್ಕು ಎಂದು ಅಂಕಿ ಇಳಿಯುತ್ತ ಬಂತು. ಹೆಂಡತಿ ಖುಷಿಯಾಗಿ ಮೃದುವಾದ ಅನ್ನ, ಬೆಂದ ಬೇಳೆ ಮಾಡಿ ಬಡಿಸಿದಳು.

ಎರಡನೇ ವಾರದಲ್ಲಿ ಒಂದು ದಿನ ತಾಯಿ ಸೊಸೆಗೆ ಮೆಲ್ಲಗೆ ಹೇಳಿದಳು: "ಅವನು ಬೆರಳು ಎತ್ತಿದ ಕಣಮ್ಮ. ಆದ್ರೆ ಕಾಲ್ಬೆರಳು ಮಡಚಿಕೊಂಡಿದ್ದು ಬಿಡ್ಲೇ ಇಲ್ಲ. ನಾನು ನೋಡ್ದೆ."

ಹೆಂಡತಿ ನೇರ ಮುಂದಿನ ಕೋಣೆಗೆ ಹೋಗಿ, ಅವನು ಮೊಳೆ ಹಾಕಿಕೊಳ್ಳುವವರೆಗೆ ಕಾದಳು.

"ನೋಡ್ರಿ, ಒಂದು ಮಾತು. ಗಿರಾಕಿ ಹಳೇ ಸೋಫಾ ತಂದು, ಮೇಲೆ ಒಂದು ಬಟ್ಟೆ ಹಾಕ್ಕೊಡಿ ಸಾಕು ಅಂದ್ರೆ ನೀವೇನು ಮಾಡ್ತೀರಿ? ಒಳಗಿನ ಹತ್ತಿ ಮುಗ್ಗಲಾಗಿದೆ, ಮೂಸಿ ನೋಡಿ ಅಂತ ಅವರ ಮೂಗಿಗೇ ಹಿಡೀತೀರಿ. ಕೆಟ್ಟ ಹತ್ತಿ ಮೇಲೆ ಹೊಸ ಬಟ್ಟೆ ಹೊದಿಸಿದ್ರೆ ನನ್ನ ಹೆಸರು ಹಾಳಾಗುತ್ತೆ ಅಂತೀರಿ. ನಿಮ್ಮ ಬಾಯಿಗೆ ಮಾತ್ರ ಬೇರೆ ನ್ಯಾಯವಾ? ನಿಜ ಹೇಳಿ, ಎಷ್ಟು ಸೆಕೆಂಡು ನೋಯುತ್ತೆ?"

ಅವನು ಉತ್ತರ ಹೇಳುವ ಹಾಗಿರಲಿಲ್ಲ. ಐದನೇ ಮೊಳೆ ಮುಗಿದ ಮೇಲೂ ಹೇಳಲಿಲ್ಲ. ಬಾಯಿಗೆ ಮತ್ತೆ ಐದು ಹಾಕಿಕೊಂಡ.

ಆಮೇಲೆ ಒಂದು ವಿಚಿತ್ರ ನಡೆಯಿತು. ಎರಡು ದಿನ ಹಲ್ಲು ತಾನಾಗಿಯೇ ಸುತ್ತಿಗೆ ಬಡಿದ ಹಾಗೆ ಮಿಡಿಯಿತು. ಅವನು ಊಟ ಬಿಟ್ಟ, ಹೊಟ್ಟೆ ಸರಿಯಿಲ್ಲ ಎಂದ. ಮೂರನೇ ಬೆಳಿಗ್ಗೆ ಎದ್ದಾಗ ನೋವೇ ಇಲ್ಲ. ಕಡಿಮೆಯಾಗಿದ್ದಲ್ಲ, ಇಲ್ಲವೇ ಇಲ್ಲ. ಫ್ರಿಜ್ಜಿನ ನೀರು ಇಟ್ಟುಕೊಂಡ. ಏನೂ ಆಗಲಿಲ್ಲ. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ತಾನು ಹೇಳಿದ ಸುಳ್ಳನ್ನು ದೇವರು ನಿಜ ಮಾಡಿಕೊಟ್ಟ ಎಂದುಕೊಂಡ.

"ಸೊನ್ನೆ!" ಎಂದು ಮಗಳು ಕೂಗಿದಳು. ಹೆಂಡತಿ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಸೊನ್ನೆ ಬರೆದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಮೊಳೆಯಣ್ಣ ಲೋಟದಿಂದ ಮಂಜುಗಡ್ಡೆಯ ತುಂಡೊಂದನ್ನು ತೆಗೆದು ಎಡಗಡೆ ಹಾಕಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕಟಕಟ ಕಡಿದ.

"ನೋಡಿದ್ರಾ? ಡಾಕ್ಟರಿಗೆ ಫೋನ್ ಮಾಡಿ ಹೇಳೇ, ಮುಂದಿನ ವಾರ ಫಿಲ್ಲಿಂಗ್ ಅಷ್ಟೇ ಅಂತ. ಅದೂ ಬೇಕಾ ಅಂತ ಯೋಚನೆ ಮಾಡ್ತಿದ್ದೀನಿ. ನೋವು ಹೋಯ್ತಲ್ಲ, ಇನ್ಯಾಕೆ?"

ಹೆಂಡತಿ, ಮಗಳು ಇಬ್ಬರೂ ನಕ್ಕರು. ತಾಯಿಯ ಕೈ ತಟ್ಟೆಯಲ್ಲೇ ನಿಂತಿತು. ಅವಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡು ಹೋಗಿ ಮಲಗಿಬಿಟ್ಟಳು. ಕರೆದರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಬಂದಳು. ಮಗ ಒಂದು ಕುರ್ಚಿಯ ಬೆನ್ನು ಬಿಚ್ಚುತ್ತಿದ್ದ. ಮಗಳು ಕೆಲಸಕ್ಕೆ ಹೋಗಿದ್ದಳು, ಒಳಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ತಾಯಿ ಹೊಲಿಯಲು ಬಂದಿದ್ದ ದಿಂಬಿನ ರಾಶಿಯ ಮೇಲೆ ಕೂತಳು.

"ಮೊಳೆ ಹಾಕ್ಕೋ" ಎಂದಳು.

"ಏನಮ್ಮ?"

"ಐದು ಮೊಳೆ ಬಾಯಿಗೆ ಹಾಕ್ಕೋ. ನಾನೊಂದು ಮಾತು ಹೇಳ್ಬೇಕು. ನೀನು ಮಧ್ಯೆ ಬಾಯಿ ಹಾಕಿದ್ರೆ ನನ್ನ ಕೈಲಿ ಆಗಲ್ಲ."

ಸೊಸೆಯ ಉಪಾಯವನ್ನು ಅತ್ತೆ ಕಲಿತಳು ಎಂದು ಅವನು ಒಳಗೊಳಗೇ ನಕ್ಕು ಮೊಳೆ ಹಾಕಿಕೊಂಡ.

"ನಿಮ್ಮಪ್ಪಂದು ಹಲ್ಲು ನೋವಿತ್ತಲ್ಲ, ಎರಡು ವಾರ ಒದ್ದಾಡಿದ್ರು. ಕೀಳೋನ ಹತ್ರ ಹೋಗ್ತೀನಿ ಅಂತ ಒಂದಿನ ಬೆಳಿಗ್ಗೆ ಹೊರಟೂ ಹೊರಟ್ರು. ಅವತ್ತೇ ನೋವು ನಿಂತಿತ್ತು. ನಿಂಗೆ ನಿಂತಿದೆಯಲ್ಲ, ಹಾಗೇ. ಬಾಗಿಲಲ್ಲಿ ನಿಂತು ನನ್ನ ಕೇಳಿದ್ರು, ಹೋಗ್ಲಾ ಅಂತ. ನಾನೇ ಅಂದೆ. ನೋವು ಹೋಯ್ತಲ್ಲ, ಇನ್ಯಾಕೆ ಅಂತ ನಾನೇ ಅಂದೆ ಕಣೋ."

ಅವನ ಸುತ್ತಿಗೆ ನಿಂತಿತು.

"ಇಪ್ಪತ್ತು ದಿನ ಏನೂ ಇರ್ಲಿಲ್ಲ. ಚೆನ್ನಾಗಿ ಉಂಡ್ರು, ದುಡಿದ್ರು. ಆಮೇಲೆ ವಸಡಲ್ಲಿ ಒಂದು ಗುಳ್ಳೆ. ಅದಾದ್ಮೇಲೆ ದವಡೆ ಊದ್ತು, ಕತ್ತು ಊದ್ತು, ಎಂಜಲು ನುಂಗೋಕೆ ಆಗ್ತಿರ್ಲಿಲ್ಲ. ಆಗ ನಿನ್ನ ಕರ್ಕೊಂಡು ಹೋದ್ರು. ಆ ಮನುಷ್ಯ ನನ್ನ ಕೈಲಿ ಆಗಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಬಡ್ಕೊಂಡ. ನಿಮ್ಮಪ್ಪ ಬಲವಂತ ಮಾಡಿ ಕೀಳಿಸಿದ್ರು. ಅವನೇನೂ ಕೊಲ್ಲಲಿಲ್ಲ ಮಗಾ. ಹೊತ್ತು ಮೀರಿತ್ತು."

ಮೊಳೆಯಣ್ಣ ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಐದೂ ಮೊಳೆಯನ್ನು ಅಂಗೈಗೆ ಉಗುಳಿದ.

"ನಾನು ಅವನಿಗೆ ಕಲ್ಲು ಹೊಡೆದೆ."

"ಗೊತ್ತು."

"ಅವನು ಅಂಗಡಿ ಎತ್ಕೊಂಡು ಹೋದ. ಹೆಂಡ್ತಿ ಮಕ್ಕಳಿದ್ರು ಅವನಿಗೆ. ನೀನು ನೋಡ್ಕೊಂಡು ಸುಮ್ನಿದ್ದೆ."

"ಸುಮ್ನಿದ್ದೆ."

"ನಲವತ್ತು ವರ್ಷ!" ಅವನು ಸುತ್ತಿಗೆ ಎಸೆದ. ಅದು ಗೋಡೆಗೆ ಬಡಿದು ಬಿತ್ತು. ಒಳಗೆ ಮಿಷನ್ನಿನ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನೋಡಿದರೆ ಅತ್ತೆ ತಲೆ ತಗ್ಗಿಸಿ ಕೂತಿದ್ದಾಳೆ, ಗಂಡ ಬಾಯೊಳಗೆ ಬೆರಳು ಹಾಕಿ ಎಡಗಡೆ ವಸಡು ಸವರುತ್ತಿದ್ದಾನೆ. ಅವನ ಬೆರಳು ಒಂದು ಜಾಗದಲ್ಲಿ ನಿಂತಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದು, ಮೆತ್ತಗಿತ್ತು.

"ಲೇ" ಎಂದ. ದನಿ ಅವನದಲ್ಲದ ಹಾಗಿತ್ತು. "ಇಲ್ಲೊಂದು ಗುಳ್ಳೆ ಇದೆ."

ಆಗ ಎಲ್ಲ ಹೊರಗೆ ಬಂತು. ಬೆರಳೆತ್ತಿದ್ದು ಸುಳ್ಳು, ಸೋಫಾದ ಹಿಂದೆ ಕೂತದ್ದು, ಎರಡು ದಿನ ಮಿಡಿದದ್ದು, ತಾಯಿ ಈಗಷ್ಟೇ ಹೇಳಿದ್ದು. ಹೆಂಡತಿ ಕೇಳುತ್ತ ಕೇಳುತ್ತ ಕೆಂಪಾದಳು.

"ಯಾರಿಗೆ ಮೋಸ ಮಾಡಿದ್ರಿ? ನನಗಾ? ಆ ಮಗು ದಿನಾ ಫೋನ್ ಹಿಡ್ಕೊಂಡು ನಿಂತಿತ್ತಲ್ಲ, ಅದಕ್ಕಾ? ಇವರಮ್ಮ ನೋಡಿದ್ರೆ ನಲವತ್ತು ವರ್ಷ, ಇವರು ನೋಡಿದ್ರೆ ಮೂರು ವಾರ. ಈ ಮನೇಲಿ ನಿಜ ಹೇಳೋಕೆ ಬಾಯಿ ಇರೋದು ನನಗೊಬ್ಬಳಿಗೇನಾ?" ಬೈಯುತ್ತಲೇ ಡಾಕ್ಟರಿಗೆ ಫೋನ್ ಮಾಡಿದಳು.

ಡಾಕ್ಟರು ಬೇರೆ ಊರಿಗೆ ಹೋಗಿದ್ದರು, ಸೋಮವಾರ ಬರುವವರು. ಅವತ್ತು ಶುಕ್ರವಾರ. ಫೋನಿನಲ್ಲೇ ಕೇಳಿದರು: ಜ್ವರ ಇದೆಯಾ, ಮುಖ ಊದಿದೆಯಾ, ಬಾಯಿ ಪೂರ್ತಿ ತೆರೆಯುತ್ತಾ, ನುಂಗೋಕೆ ಕಷ್ಟವಾ? ಇವ್ಯಾವುದೂ ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಮೊದಲು ಬನ್ನಿ. ಇದರಲ್ಲಿ ಒಂದು ಕಂಡರೂ ನನಗೆ ಕಾಯಬೇಡಿ, ನಿಂತ ಕಾಲಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ.

ಆ ಮೂರು ದಿನ ಮೊಳೆಯಣ್ಣ ಜೀವ ಕೈಯಲ್ಲಿ ಹಿಡಿದುಕೊಂಡಿದ್ದ. ಗಂಟೆಗೊಮ್ಮೆ ಕನ್ನಡಿಯ ಮುಂದೆ ಎರಡೂ ಕೆನ್ನೆ ಹೋಲಿಸಿ ನೋಡುತ್ತಿದ್ದ. ಎಡಗಡೆ ದಪ್ಪಗಾಗಿದೆಯಾ ಎಂದು ಮಗಳನ್ನು ಕೇಳುತ್ತಿದ್ದ. ಅವಳು ಅಳತೆ ಪಟ್ಟಿ ತಂದು ಅಳೆಯುತ್ತಿದ್ದಳು. ಥರ್ಮಾಮೀಟರ್ ಬಾಯಿಂದ ತೆಗೆದ ಹತ್ತು ನಿಮಿಷಕ್ಕೆ ಮತ್ತೆ ಇಟ್ಟುಕೊಳ್ಳುತ್ತಿದ್ದ. ಎಂಜಲು ನುಂಗುವಾಗಲೆಲ್ಲ ಗಂಟಲಿಗೆ ಕೈ ಹೋಗುತ್ತಿತ್ತು. ಅಪ್ಪ ಸತ್ತಾಗ ಅಪ್ಪನಿಗೆ ಐವತ್ತೆರಡು, ಈಗ ತನಗೂ ಐವತ್ತೆರಡು ಎಂಬುದು ಭಾನುವಾರ ಹಲ್ಲುಜ್ಜುವಾಗ ಹೊಳೆದು, ಬ್ರಷ್ಷು ಕೈಯಿಂದ ಜಾರಿತು.

ತಾಯಿಯ ಜೊತೆ ಅವನು ಮಾತಾಡಲಿಲ್ಲ. ಅವಳು ಬಡಿಸಲು ಬಂದರೆ ತಟ್ಟೆ ಪಕ್ಕಕ್ಕೆ ಸರಿಸಿ ಹೆಂಡತಿಯ ಕಡೆ ಹಿಡಿಯುತ್ತಿದ್ದ. ಚಹಾ ಅವಳು ತಂದಿಟ್ಟರೆ ಅದು ಅಲ್ಲೇ ಆರಿ ಕೆನೆಗಟ್ಟುತ್ತಿತ್ತು. ಹೆಂಡತಿ ಒಂದು ಸಲ, "ಎಂಬತ್ತು ವರ್ಷದ ಜೀವ ರೀ, ಹೇಳದೇ ಇದ್ದಿದ್ರೆ ನೀವು ಮಂಜುಗಡ್ಡೆ ಕಡೀತಾ ಕೂತಿರ್ತಿದ್ರಿ" ಎಂದಳು. ಅವನು ಥರ್ಮಾಮೀಟರ್ ಬಾಯಿಗಿಟ್ಟುಕೊಂಡ.

ಸೋಮವಾರ ಡಾಕ್ಟರು ತಣ್ಣಗಿನ ಹತ್ತಿ ಇಟ್ಟರು. ಪಕ್ಕದ ಹಲ್ಲಿಗೆ ಜುಂ ಎಂದಿತು, ಈ ಹಲ್ಲು ಕಲ್ಲಿನ ಹಾಗೆ ಸುಮ್ಮನಿತ್ತು.

"ನರ ಸತ್ತಿದೆ. ಅದಕ್ಕೇ ನೋವು ನಿಂತಿದ್ದು. ಸತ್ತಿದ್ದು ಒಳಗೇ ಕೊಳೆತು ಕೀವಾಗಿ, ಗುಳ್ಳೆ ಕಟ್ಟಿದೆ. ಒಳ್ಳೇ ಹೊತ್ತಿಗೆ ಬಂದ್ರಿ, ಇನ್ನೂ ಹರಡಿಲ್ಲ. ಇನ್ನು ಫಿಲ್ಲಿಂಗ್ ಮಾತೇ ಇಲ್ಲ."

ಇಂಜೆಕ್ಷನ್ ಸೂಜಿ ಹತ್ತಿರ ಬಂದಾಗ ಅವನು ಕೈ ಅಡ್ಡ ಹಿಡಿದ. ಹಣೆಯಲ್ಲಿ ಬೆವರು. "ಒಂದು ಮಾತಮ್ಮ. ನರ ತೆಗೆದ್ಮೇಲೆ... ಈ ತುಟಿ ಯಾವತ್ತೂ ಅವತ್ತಿನ ಹಾಗೇ ಮರಗಟ್ಟಿ ಇರುತ್ತಾ? ನಾನು ಬಾಯಲ್ಲಿ ಮೊಳೆ ಹಿಡಿದು ಕೆಲಸ ಮಾಡೋನು. ನನ್ನ ಬಾಯಿ ನನಗೆ ತಿಳಿಯದೇ ಹೋದ್ರೆ ನನ್ನ ಮನೆ ಮುಳುಗುತ್ತೆ."

ಡಾಕ್ಟರು ಸೂಜಿ ಕೆಳಗಿಟ್ಟು ಅವನನ್ನೇ ನೋಡಿದಳು. "ಇಲ್ಲ. ನಾನು ತೆಗೆಯೋದು ಹಲ್ಲಿನೊಳಗಿನ ಎಳೆ ಮಾತ್ರ. ತುಟಿ, ನಾಲಿಗೆ ನರ ಬೇರೆ, ಅದರ ತಂಟೆಗೆ ಹೋಗಲ್ಲ. ಮಧ್ಯಾಹ್ನಕ್ಕೆ ಎಲ್ಲ ಮೊದಲಿನ ಹಾಗೇ. ಇದನ್ನ ಅವತ್ತೇ ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು" ಎಂದ. ಮತ್ತೆ ಬಾಯಿ ತೆರೆದ.

ಒಂದು ಗಂಟೆಯ ಕೆಲಸ. ಇನ್ನೆರಡು ಸಲ ಬರಬೇಕೆಂದರು. ಅವನು ಅಂದುಕೊಂಡಿದ್ದ ಯಾವ ನೋವೂ ಆಗಲಿಲ್ಲ. ಹೆಂಡತಿಯ ಭುಜ ಹಿಡಿದುಕೊಂಡು ಮನೆಗೆ ಬಂದ.

ಅವತ್ತು ಅವನು ಮೊಳೆಯ ಡಬ್ಬಿ ಮುಟ್ಟಲಿಲ್ಲ. ಮುಂದಿನ ಕೋಣೆಯಲ್ಲಿ ಬಟ್ಟೆ ಇಲ್ಲದ ಕುರ್ಚಿಯ ಚೌಕಟ್ಟಿನ ಮೇಲೆ ಕೂತು ತುಟಿ ಚಿವುಟಿಕೊಳ್ಳುತ್ತ ಕಾದ. ಒಂದು ಗಂಟೆ ಏನೂ ಇಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳಿರಬಹುದೇ ಎನ್ನಿಸಿತು. ಎರಡು ಗಂಟೆಗೆ ನಾಲಿಗೆಯ ತುದಿ ಜುಮುಗುಟ್ಟಿತು. ಮೂರಾಗುವಷ್ಟರಲ್ಲಿ ತುಟಿಯ ಮೂಲೆ, ಆಮೇಲೆ ತುಟಿ, ಆಮೇಲೆ ಮೊಳೆ ಚುಚ್ಚಿದ ಹಳೇ ಗಾಯದ ಕಲೆ, ಎಲ್ಲ ಒಂದೊಂದಾಗಿ ವಾಪಸು ಬಂದವು. ಅವನು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟ.

ತಲೆಯೆತ್ತಿದಾಗ ತಾಯಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬರಲು ಅವಳಿಗೆ ಹೆದರಿಕೆ.

"ಮೂರು ಸಲ ಬಿಸಿ ಮಾಡಿದ್ದೀನಿ" ಎಂದಳು. "ಬೇಡ ಅಂದ್ರೆ ಸೊಸೆ ಕೈಲಿ ಕೊಟ್ಟು ಕಳಿಸ್ತೀನಿ."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಅವಳು ಹೋಗಲಿಲ್ಲ.

"ಹನ್ನೆರಡು ವರ್ಷದ ಹುಡುಗ ನೀನು. ನನಗಿದ್ದೋನು ನೀನೊಬ್ಬ. ನಿಮ್ಮಪ್ಪನ್ನ ನಾನೇ ತಡೆದೆ ಅಂತ ಆವತ್ತು ಹೇಳಿದ್ದಿದ್ರೆ, ಆಮೇಲೆ ನನ್ನ ಕೈಯಲ್ಲಿ ಉಣ್ತಿದ್ದೆಯೇನೋ?"

ಅವನು ಯೋಚಿಸಿದ. ಈ ಮೂರು ವಾರದಲ್ಲಿ ಅವನು ಸುಳ್ಳು ಹೇಳಿ ಸಾಕಾಗಿ ಹೋಗಿದ್ದ.

"ಇಲ್ಲಮ್ಮ. ಉಣ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ" ಎಂದಳು ತಾಯಿ.

ಅವನು ಎದ್ದು ಹೋಗಿ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ. ಅವಳನ್ನು ದಿಂಬಿನ ರಾಶಿಯ ಮೇಲೆ ಕೂರಿಸಿ, ತಾನು ನೆಲದ ಮೇಲೆ ಕೂತ. ಒಂದು ಚಮಚ ಗಂಜಿ ಬಾಯಿಗಿಟ್ಟುಕೊಂಡು ನುಂಗಿದ. ತಾಯಿ ಅವನ ಗಂಟಲನ್ನೇ ನೋಡುತ್ತಿದ್ದಳು.

"ಉಪ್ಪು ಸಾಲ್ದು" ಎಂದ.

"ತರ್ತೀನಿ, ತರ್ತೀನಿ ಇರು" ಎಂದು ಮುದುಕಿ ಗೋಡೆಯನ್ನೂ ಹಿಡಿಯದೆ ಎದ್ದಳು.